ಬಿಚ್ಚಿ ಜೋಡಿಸಲು ಬರುವ ಟ್ರ್ಯಾಕ್ಟರ್ ಬೇಕು

ಸಂಪಾದಕರೇ,

ಹಳೆ ಟ್ರ್ಯಾಕ್ಟರ್ ವಿಚಾರ ಬಂದರೆ ಸಾಕು, ‘ಆಗಿನ ಕಬ್ಬಿಣವೇ ಬೇರೆ’ ಅಂತ ಎಲ್ಲರೂ ಹೇಳುತ್ತಾರೆ. ಅದೂ ನಿಜವೇ. ಎಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್, ಇವುಗಳ ದಪ್ಪ ಎರಕದ ಹೌಸಿಂಗ್‌ಗಳನ್ನೇ ಒಂದಕ್ಕೊಂದು ಬೋಲ್ಟ್ ಹಾಕಿ ಕೂರಿಸಿದರೆ ಅದೇ ಗಾಡಿಯ ಬೆನ್ನೆಲುಬು. ಆದರೆ ಕಬ್ಬಿಣ ಎಷ್ಟೇ ಗಟ್ಟಿ ಇರಲಿ, ಐವತ್ತು ವರ್ಷ ಉಳುವ ಯಂತ್ರ ಮಧ್ಯೆ ಮಧ್ಯೆ ಕೆಡಲೇಬೇಕು. ಕೆಟ್ಟಾಗ ಹೊಲದಲ್ಲೇ ಬಿಚ್ಚಿ ಸರಿ ಮಾಡಲು ಬರುತ್ತಿತ್ತು, ಅದಕ್ಕೇ ಅವು ಇನ್ನೂ ಓಡುತ್ತಿವೆ.

1964ರಲ್ಲಿ ಬಂದ ಮ್ಯಾಸಿ ಫರ್ಗ್ಯೂಸನ್ 135 ತೆಗೆದುಕೊಳ್ಳಿ. ಮೂರು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್ ಎಂಜಿನ್, ಎರಡೂವರೆ ಲೀಟರ್, ಸುಮಾರು 45 ಎಚ್‌ಪಿ. ಅಷ್ಟು ದೊಡ್ಡ ಎಂಜಿನ್ನಿಂದ ಅಷ್ಟೇ ಕೆಲಸ. ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಟರ್ಬೊ ಇಲ್ಲ, ನಿಮಿಷಕ್ಕೆ ಎರಡು ಸಾವಿರ ಚಿಲ್ಲರೆ ಸುತ್ತು, ಎಂಜಿನ್ನಿಗೆ ಏದುಸಿರೇ ಬರುವುದಿಲ್ಲ, ಹಾಗಾಗಿ ಸವೆತವೂ ನಿಧಾನ. ಇದೇ ಜಾತಿಯ ಎಂಜಿನ್ ಅದಕ್ಕೂ ಮೊದಲು, 1959ರಿಂದಲೇ, 35 ಮಾಡೆಲ್‌ನಲ್ಲಿ ಇತ್ತು. ಒಂದೇ ಎಂಜಿನ್ ವರ್ಷಗಟ್ಟಲೆ ಬಂದರೆ ಸ್ಪೇರ್ ಪಾರ್ಟ್ಸ್ ಸಿಗುತ್ತದೆ, ಅದರ ಕೈಚಳಕ ಗೊತ್ತಿರುವ ಮೆಕ್ಯಾನಿಕ್‌ಗಳೂ ಸಿಗುತ್ತಾರೆ.

ಡೀಸೆಲ್ ಪಂಪು ಪೂರಾ ಮೆಕ್ಯಾನಿಕಲ್. ಬ್ಯಾಟರಿ ಸತ್ತರೆ ಇಳಿಜಾರಿನಲ್ಲಿ ಬಿಟ್ಟು ಕ್ಲಚ್ ಬಿಟ್ಟರೆ ಸ್ಟಾರ್ಟ್. ಲೈನಿನಲ್ಲಿ ಗಾಳಿ ಸೇರಿ ನಿಂತರೆ ಫಿಲ್ಟರಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈಯಲ್ಲಿ ಪಂಪ್ ಒತ್ತಬೇಕು, ಅಷ್ಟೇ. ನಾನು ಇದನ್ನು ಕಲಿತಾಗ ಇನ್ನೂ ಶಾಲೆಗೆ ಹೋಗುತ್ತಿದ್ದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಿಂದೆ ಕಟ್ಟಿದ ನೇಗಿಲನ್ನು ಎತ್ತಿ ಇಳಿಸುವ ಲಿಫ್ಟ್. ಹ್ಯಾರಿ ಫರ್ಗ್ಯೂಸನ್ ಎನ್ನುವವರ ತಲೆಯಿಂದ ಬಂದ ಮೂರು ಕೊಂಡಿಯ ಜೋಡಣೆ ಅದು. ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಿದ ಕೂಡಲೇ ಮೇಲಿನ ಕೊಂಡಿ ಒತ್ತುತ್ತದೆ, ಒಳಗಿನ ಸ್ಪ್ರಿಂಗು ವಾಲ್ವನ್ನು ಸರಿಸುತ್ತದೆ, ನೇಗಿಲು ಒಂಚೂರು ಮೇಲೇಳುತ್ತದೆ, ಅದರ ಭಾರ ಹಿಂದಿನ ಗಾಲಿಗಳ ಮೇಲೆ ಬಿದ್ದು ಟೈರು ಜಾರದೆ ಹಿಡಿತ ಸಿಗುತ್ತದೆ. ಸೆನ್ಸರ್ ಇಲ್ಲ, ವೈರ್ ಇಲ್ಲ. 1946ರಿಂದ 1956ರವರೆಗೆ ಬಂದ ಪುಟ್ಟ ಫರ್ಗ್ಯೂಸನ್ ಟಿಇ20 ಐದು ಲಕ್ಷಕ್ಕೂ ಜಾಸ್ತಿ ತಯಾರಾಗಿದ್ದು ಸುಮ್ನೆ ಅಲ್ಲ. ಇವತ್ತಿಗೂ ಎಲ್ಲ ಕಂಪನಿಗಳೂ ಅದೇ ಮೂರು ಕೊಂಡಿ ಕೊಡುತ್ತವೆ, ಹಾಗಾಗಿ ಈಗಿನ ಕಲ್ಟಿವೇಟರನ್ನೂ ಆ ಹಳೆ ಗಾಡಿಗೆ ಕಟ್ಟಬಹುದು.

ಹಳೆಯದರಲ್ಲಿ ಎಲ್ಲವೂ ಚೆನ್ನ ಅಂತ ನಾನು ಹೇಳುವುದಿಲ್ಲ. ಹೊಗೆ ಜಾಸ್ತಿ, ಸದ್ದು ಜಾಸ್ತಿ. ಮಗುಚಿದರೆ ಚಾಲಕನನ್ನು ಉಳಿಸುವ ಚೌಕಟ್ಟು ಎಷ್ಟೋ ಗಾಡಿಗಳಲ್ಲಿ ಇಲ್ಲ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಅದನ್ನು ಕಡ್ಡಾಯ ಮಾಡಿತ್ತು. ಹಳೆ ಗಾಡಿ ಇಟ್ಟುಕೊಂಡವರು ದಯವಿಟ್ಟು ಅದನ್ನು ಮೊದಲು ಹಾಕಿಸಿ.

ಹೊಗೆ ಕಡಿಮೆ ಮಾಡಲು ಸೆನ್ಸರ್ ಬೇಕು, ಒಪ್ಪುತ್ತೇನೆ. ಆದರೆ ಕಳೆದ ಬಿತ್ತನೆ ಹೊತ್ತಿಗೆ ನನ್ನ ಹೊಸ ಟ್ರ್ಯಾಕ್ಟರ್ ಒಂದು ಸೆನ್ಸರ್ ಕೆಟ್ಟು ನಿಂತಿತು. ಸೆನ್ಸರನ್ನು ನಾನೇ ಬದಲಿಸಬಲ್ಲೆ, ಆದರೆ ಲ್ಯಾಪ್‌ಟಾಪ್ ಹಿಡಿದ ಕಂಪನಿಯವರು ಬಂದು ಒಪ್ಪಿಗೆ ಕೊಡದೆ ಎಂಜಿನ್ ಏಳುವುದೇ ಇಲ್ಲ. ಅವರು ಬಂದದ್ದು ನಾಲ್ಕನೇ ದಿನ. ಅಷ್ಟರಲ್ಲಿ ನೆಲದ ಹದ ಹೋಗಿತ್ತು. ದುಡ್ಡು ಕೊಟ್ಟು ಕೊಂಡ ಯಂತ್ರವನ್ನು ಮುಟ್ಟಲು ಬೇರೆಯವರನ್ನು ಕಾಯಬೇಕು ಅಂದರೆ ಅದು ನನ್ನದು ಹೇಗಾಗುತ್ತದೆ?

ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ಇದಕ್ಕೇ ಕಾನೂನು ಮಾಡಿತು. ಕೃಷಿ ಯಂತ್ರ ತಯಾರಿಸುವವರು ರಿಪೇರಿಗೆ ಬೇಕಾದ ಪುಸ್ತಕ, ಬಿಡಿಭಾಗ, ಸಾಫ್ಟ್‌ವೇರ್ ಎಲ್ಲವನ್ನೂ ಮಾಲೀಕರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಕೊಡಬೇಕು. ಅಂಥ ಕಾನೂನು ಎಲ್ಲ ಕಡೆ ಬರಬೇಕು. ಅದು ಬರುವ ತನಕ ಹೊಸ ಟ್ರ್ಯಾಕ್ಟರ್ ಕೊಳ್ಳುವವರು ಎಚ್‌ಪಿ ಎಷ್ಟು ಅಂತ ಕೇಳುವ ಮೊದಲು, ಕೆಟ್ಟರೆ ಇದನ್ನು ಯಾರು ಯಾರು ಬಿಚ್ಚಬಹುದು ಅಂತ ಕೇಳಿ.

– ಒಬ್ಬ ರೈತ