ಎಕೋ ಕೋಣೆಯ ಆ ಸಿಸ್ಟರ್‌ಗೆ

ಮಗನಿಗೆ ಮಾರ್ಫನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ, ಮೈ ತುಂಬಾ ಎತ್ತರ ಬೆಳೆದು ಹೃದಯದ ದೊಡ್ಡ ರಕ್ತನಾಳ ದುರ್ಬಲವಾಗುವ ಕಾಯಿಲೆ) ಅಂತ ಗೊತ್ತಾದ ರಾತ್ರಿ ಮೊಬೈಲಿನಲ್ಲಿ ಹುಡುಕಬಾರದ್ದನ್ನು ಹುಡುಕಿದ್ದೆ. ಸಾಯುವ ಸರಾಸರಿ ವಯಸ್ಸು 32 ಅಂತಿತ್ತು. ಅವನಿಗಾಗಲೇ 16. ಮರುದಿನ ಎಕೋ (ಹೃದಯದ ಸ್ಕ್ಯಾನ್) ಕೋಣೆಯ ಹೊರಗೆ ಕೂತು ಉಳಿದ ವರ್ಷಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ.

ಫೈಲ್ ಕೊಡಲು ಬಂದ ನೀವು ನನ್ನ ಮುಖ ನೋಡಿ ಪಕ್ಕದಲ್ಲೇ ಕೂತಿರಿ. ಮೊಬೈಲ್ ಇಸಿದುಕೊಂಡು ಓದಿ, "ಇದು 1972ರ ಲೆಕ್ಕ ಅಮ್ಮಾ. ಈಗ ಸರಿಯಾಗಿ ಚಿಕಿತ್ಸೆ ಸಿಕ್ಕವರಲ್ಲಿ ಎಷ್ಟೋ ಜನ ಎಪ್ಪತ್ತು ದಾಟುತ್ತಾರೆ" ಅಂದಿರಿ. ಫೈಲಿನ ಹಿಂಬದಿಯಲ್ಲಿ ಪೆನ್ನಿನಿಂದ ಮಹಾಪಧಮನಿಯ, ಅಂದರೆ ಹೃದಯದಿಂದ ಹೊರಡುವ ಆ ದೊಡ್ಡ ರಕ್ತನಾಳದ ಚಿತ್ರ ಬರೆದಿರಿ. (ಛತ್ರಿ ಹಿಡಿಕೆಯ ಥರ ಇತ್ತು, ಕ್ಷಮಿಸಿ.) ಅದರ ಬುಡ ಎಲ್ಲಿ ಹಿಗ್ಗುತ್ತದೆ, ಬೀಟಾ ಬ್ಲಾಕರ್ ಅಥವಾ ಲೊಸಾರ್ಟನ್ ಮಾತ್ರೆ ಅದನ್ನು ಹೇಗೆ ನಿಧಾನ ಮಾಡುತ್ತದೆ ಅಂತ ತೋರಿಸಿದಿರಿ. ಅದರ ಅಗಲ 5 ಸೆಂಟಿಮೀಟರ್ ಹತ್ತಿರ ಬಂದರೆ ಬಿರುಕು ಬಿಡುವ ಮೊದಲೇ ಆಪರೇಷನ್. ಭಾರ ಎತ್ತೋದು ಬೇಡ, ಎಕೋ ತಪ್ಪಿಸಬೇಡಿ. ಅಷ್ಟೇ ಹೇಳಿದ್ದು, ಎರಡೆರಡು ಸಲ.

ಮಗ ಹೊರಬಂದಾಗ "ತಲೆ ಜೋಪಾನ ಕಣೋ, ಬಾಗಿಲು ನಮ್ಮಂಥ ಕುಳ್ಳರಿಗೆ ಮಾಡಿದ್ದು" ಅಂದಿರಿ. ಎರಡು ದಿನದಲ್ಲಿ ಮೊದಲ ಸಲ ಅವನು ನಕ್ಕ.

ನಿಮ್ಮ ಹೆಸರು ಕೇಳಲು ಮರೆತೆ. ಛತ್ರಿ ಹಿಡಿಕೆ ಫೈಲಿನಲ್ಲಿ ಭದ್ರವಾಗಿದೆ. ಥ್ಯಾಂಕ್ಸ್, ಸಿಸ್ಟರ್.