ಪಿಎಚ್‌ಡಿಗೆ ಮುನ್ನ: ಸೊಸೆಗೊಂದು ಪತ್ರ

ಮಾಟುಂಗಾ, ಮುಂಬಯಿ

ಚಿ. ವಿದ್ಯಾಳಿಗೆ ಮಾವನ ಆಶೀರ್ವಾದಗಳು.

ಎಂ.ಎಸ್ಸಿ. ಆದ ಮೇಲೆ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತೇನೆ, ಎಷ್ಟು ಪರ್ಸೆಂಟ್ ಬೇಕು ಎಂದು ಕೇಳಿದ್ದೀಯ. ಯುಜಿಸಿಯ 2022ರ ನಿಯಮದಂತೆ 55 ಸಾಕು. ಅದು ಹೊಸ್ತಿಲು ದಾಟುವುದಕ್ಕೆ ಮಾತ್ರ. ಒಳಗೆ ಹೋದವರು ಮುಗ್ಗರಿಸುವುದು ಮೊದಲ ವರ್ಷದ ಕೋರ್ಸ್‌ವರ್ಕ್‌ನಲ್ಲಿ, ಅದೂ ಗಣಿತದಲ್ಲಿ.

ಇರುವ ಹಣದಲ್ಲಿ ಅತಿ ಹೆಚ್ಚು ಯುಟಿಲಿಟಿ, ಅಂದರೆ ತೃಪ್ತಿ, ಎಲ್ಲಿ ಸಿಗುತ್ತದೆ ಎಂದು ಲಗ್ರಾಂಜ್ ವಿಧಾನ ಹಾಕಿ ಉತ್ತರ ತೆಗೆಯುವುದು ನಿನಗೆ ಬಿ.ಎ.ಯಲ್ಲೇ ಬಂತು. ಈಗ ಎರಡು ವಸ್ತುಗಳ ಮೊತ್ತವೇ ಯುಟಿಲಿಟಿ ಎಂದಿಟ್ಟುಕೊಂಡು, ಬೆಲೆಗಳನ್ನು ಬೇರೆ ಬೇರೆ ಮಾಡಿ ಅದೇ ಲೆಕ್ಕ ಮಾಡಿ ನೋಡು. ಸಮೀಕರಣಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಉತ್ತರ ಮೂಲೆಯಲ್ಲಿ ಕೂತಿದೆ, ಅಗ್ಗದ ವಸ್ತುವನ್ನಷ್ಟೇ ಕೊಳ್ಳಬೇಕು. ಅಲ್ಲಿ ಮೂಲೆಯ ಉತ್ತರವನ್ನೂ ಹಿಡಿಯುವ ಕೂನ್-ಟಕರ್ ನಿಯಮಗಳು ಬೇಕು. ಇನ್ನೊಂದು: ಒಂದು ಬೆಲೆಯನ್ನು ಸೊನ್ನೆ ಮಾಡು. ಬಜೆಟ್ ಸೆಟ್‌ಗೆ, ಅಂದರೆ ಇರುವ ಹಣದಲ್ಲಿ ಏನೇನು ಕೊಳ್ಳಬಹುದೋ ಅದಕ್ಕೆ, ಮಿತಿಯೇ ಇರುವುದಿಲ್ಲ, ಗರಿಷ್ಠ ಇದ್ದೇ ಇದೆ ಎನ್ನುವ ಭರವಸೆ ಹೋಯಿತು. ಇಂಥದ್ದಕ್ಕೇ ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ. ದಿನಕ್ಕೊಂದು ಪ್ರಮೇಯದ ಸಾಧನೆಯನ್ನು ಪುಸ್ತಕ ಮುಚ್ಚಿಟ್ಟು ಕೈಯಲ್ಲೇ ಬರೆ. ವಿಡಿಯೋ ನೋಡಿದರೆ ಅರ್ಥವಾದಂತೆ ಅನಿಸುತ್ತದೆ, ಅಷ್ಟೇ.

ಡೇಟಾ ಕೆಲಸವನ್ನೂ ಈಗಲೇ ಹಿಡಿ. ಸಾಂಖ್ಯಿಕ ಸಚಿವಾಲಯ ಉದ್ಯೋಗದ ಬಗ್ಗೆ ನಡೆಸುವ ಪಿಎಲ್‌ಎಫ್‌ಎಸ್ ಸಮೀಕ್ಷೆಯ 2022-23ರ ಫೈಲು ಪುಕ್ಕಟೆ ಸಿಗುತ್ತದೆ. ತೆರೆದರೆ ಬರೀ ಅಂಕಿಗಳ ಸಾಲು. ಎಷ್ಟನೇ ಸ್ಥಾನದಲ್ಲಿ ವಯಸ್ಸು, ಎಷ್ಟನೇದರಲ್ಲಿ ಉದ್ಯೋಗ ಎಂಬುದು ಲೇಔಟ್ ಫೈಲಿನಲ್ಲಿದೆ. ಒಂದು ಸ್ಥಾನ ತಪ್ಪಿದರೂ ಎಲ್ಲ ಗೋವಿಂದ. ಎಡವುವುದು ಹೆಚ್ಚಾಗಿ ಮಲ್ಟಿಪ್ಲೈಯರ್‌ನಲ್ಲಿ, ಅಂದರೆ ಆರಿಸಿದ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಲ್ಲುತ್ತದೆ ಎಂಬ ತೂಕದಲ್ಲಿ: ಫೈಲಿನ ಎನ್‌ಎಸ್‌ಎಸ್, ಎನ್‌ಎಸ್‌ಸಿ ಎಂಬ ಎರಡು ಅಂಕಿಗಳು ಸಮವಿದ್ದರೆ ಅದನ್ನು 100ರಿಂದ, ಇಲ್ಲದಿದ್ದರೆ 200ರಿಂದ ಭಾಗಿಸಬೇಕು; ವರ್ಷದ ಲೆಕ್ಕಕ್ಕೆ ತ್ರೈಮಾಸಿಕಗಳ ಸಂಖ್ಯೆಯಿಂದ ಮತ್ತೊಮ್ಮೆ. ಈ ತೂಕವನ್ನೇ ಹಾಕದೆ ಬಿಟ್ಟರೆ ಏನಾಗುತ್ತದೆ? ನಗರದ ಮನೆಗಳನ್ನು ಜನಸಂಖ್ಯೆಯ ಪಾಲಿಗಿಂತ ಹೆಚ್ಚಾಗಿ ಆರಿಸಿರುತ್ತಾರೆ, ಹಾಗಾಗಿ ದೇಶದಲ್ಲಿ ಸಂಬಳದ ಕೆಲಸ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಮೊದಲು ಅವರದೇ ವಾರ್ಷಿಕ ವರದಿಯ ಒಂದು ಟೇಬಲ್ ನಿನ್ನ ಕೋಡ್‌ನಿಂದ ಬರಿಸು. ದಶಾಂಶದವರೆಗೂ ಕೂಡಿಬರಬೇಕು. ಬರದಿದ್ದರೆ ನಿನ್ನ ಕೋಡನ್ನೇ ಅನುಮಾನಿಸು.

ಯುಜಿಸಿಯ ಅರ್ಹತಾ ಪರೀಕ್ಷೆ ನೆಟ್ ಬರೆ. ಅದರಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನಾ ಫೆಲೋಶಿಪ್, ಸಿಕ್ಕರೆ 2023ರ ಜನವರಿಯಿಂದ ಜಾರಿಯಲ್ಲಿರುವ ದರದಲ್ಲಿ ತಿಂಗಳಿಗೆ 37,000 ರೂಪಾಯಿ. ಬರೀ ಪಿಎಚ್‌ಡಿ ಪ್ರವೇಶದ ವರ್ಗದಲ್ಲಿ ಪಾಸಾದರೆ ಆ ಅಂಕಕ್ಕೆ ಒಂದೇ ವರ್ಷದ ಆಯುಸ್ಸು. ಅದನ್ನು ನೋಡಿಕೊಂಡು ಅರ್ಜಿ ಹಾಕು. ಶಿಫಾರಸು ಪತ್ರವನ್ನು ಕಡೇ ವಾರ ಕೇಳಬೇಡ, ಅವಸರದಲ್ಲಿ ಬರೆದದ್ದು ಎಲ್ಲರಿಗೂ ಒಂದೇ ಥರ ಇರುತ್ತದೆ.

ವಿಷಯ ಸಿಗುತ್ತಿಲ್ಲ ಎಂದೂ ಬರೆದಿದ್ದೀಯಲ್ಲ. ಅದೇ ಕೃಷ್ಣೆ, ಅದೇ ಕಬ್ಬು, ನಡುವೆ ರಾಜ್ಯದ ಗಡಿ. ಆಚೆ ಸಾಂಗಲಿಯ ಮರಾಠಿ ಜಮೀನು ದಾಖಲೆ ಸಾತ್‌ಬಾರಾ, ಈಚೆ ಚಿಕ್ಕೋಡಿಯ ಪಹಣಿ ಎರಡನ್ನೂ ಓದಬಲ್ಲವರು ನಿನ್ನ ಪುಣೆಯ ಕ್ಲಾಸಿನಲ್ಲಿ ಎಷ್ಟು ಜನ ಇದ್ದಾರು?

ಚೌತಿಗೆ ಬರುವಾಗ ಆ ಪಿಎಲ್‌ಎಫ್‌ಎಸ್ ಟೇಬಲ್ ತಾ. ಅತ್ತೆ ಪತ್ರೊಡೆ ಮಾಡುತ್ತಾಳಂತೆ.

ಇಂತಿ,
ನಿನ್ನ ಮಾವ