ಮೊದಲು ಅಂಚು ನೋಡು, ಪುಟ್ಟಿ

ಮೈಸೂರು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೊ ನೋಡಿದೆ. ಬ್ಯಾಂಕಿನಿಂದ ತಂದ ರೋಲಿನಲ್ಲಿ, ಅಂದರೆ ಕಾಗದ ಸುತ್ತಿದ ಇಪ್ಪತ್ತು ಅರ್ಧ ಡಾಲರ್‌ಗಳಲ್ಲಿ, 1967ರದು ಒಂದು ಸಿಕ್ಕಿತು ಎಂದು ಕುಣಿಯುತ್ತಿದ್ದೀಯ. ಕುಣಿ, ತಪ್ಪಿಲ್ಲ. ಆದರೆ ಕೆಳಗೆ "ಹುಣಸೆಹಣ್ಣು ಹಾಕಿ ತಿಕ್ಕಲಾ ದೊಡ್ಡಪ್ಪ?" ಎಂದು ಕೇಳಿದ್ದೀಯಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. ಬೇಡ. ಕೈ ಮುಗಿಯುತ್ತೇನೆ, ಬೇಡ.

ಆ ಕೆಲಸ ನಾನು ಮಾಡಿ ಕೆಟ್ಟಿದ್ದೇನೆ. ಶಿಕಾಗೋಗೆ ಹೋದ ಹೊಸದರಲ್ಲಿ 1942ರ ವಾಕಿಂಗ್ ಲಿಬರ್ಟಿ ಎಂಬ ಅರ್ಧ ಡಾಲರ್ ಒಂದನ್ನು ಕೊಂಡಿದ್ದೆ. ಹುಟ್ಟುವ ಸೂರ್ಯನ ಕಡೆ ಹೆಜ್ಜೆ ಹಾಕುತ್ತಿರುವ ಹೆಂಗಸಿನ ಚಿತ್ರ, ಬೀಸು ನಡಿಗೆ, ಮೈಮೇಲೆ ಬಾವುಟ. ಅಡಾಲ್ಫ್ ವೈನ್‌ಮನ್ ಎಂಬ ಶಿಲ್ಪಿ ಮಾಡಿದ್ದು. 1916ರಿಂದ 1947ರವರೆಗೆ ಅದೇ ಅರ್ಧ ಡಾಲರ್. ನನಗೆ ಕೇಳಿದರೆ ಅಮೆರಿಕದಲ್ಲಿ ಅದಕ್ಕಿಂತ ಚೆಂದದ ನಾಣ್ಯ ಇಲ್ಲ. ನನ್ನದು ಒಂಚೂರೂ ಸವೆದಿರಲಿಲ್ಲ, ಸುಮ್ನೆ ಕಪ್ಪಿಟ್ಟಿತ್ತು ಅಷ್ಟೇ. ನಿಮ್ಮಜ್ಜಿ ಹಬ್ಬಕ್ಕೆ ಬೆಳ್ಳಿ ದೀಪ ತೊಳೆಯುವ ಹಾಗೆ ಮೊದಲು ಹುಣಸೆಹಣ್ಣು, ಆಮೇಲೆ ವಿಭೂತಿ ಹಾಕಿ ತಿಕ್ಕಿದೆ. ಥಳಥಳ ಹೊಳೆಯಿತು. ಒಬ್ಬ ನಾಣ್ಯದ ವ್ಯಾಪಾರಿಗೆ ಹೆಮ್ಮೆಯಿಂದ ತೋರಿಸಿದೆ. ಅವನು ಭೂತಗನ್ನಡಿ ಹಿಡಿದು ಒಂದು ಕ್ಷಣ ನೋಡಿ, ತಕ್ಕಡಿಗೆ ಹಾಕಿಬಿಟ್ಟ. ಅಂದರೆ ಬೆಳ್ಳಿ ತೂಕದ ದುಡ್ಡು, ಅಷ್ಟೇ. ಕೂದಲೆಳೆಯಂಥ ಸಾವಿರ ಗೀರು ಬಿದ್ದಿದ್ದವು. ಆ ಕಪ್ಪು ಕೊಳೆ ಅಲ್ಲ ಕಣೇ. ಗಾಳಿಯಲ್ಲಿರುವ ಗಂಧಕ ಬೆಳ್ಳಿಯ ಮೈಗೆ ಹತ್ತಿ ಹಾಗಾಗುತ್ತದೆ. ಅದನ್ನು ತಿಕ್ಕಿದರೆ ಬೆಳ್ಳಿಯ ಮೇಲ್ಮೈಯೂ ಜೊತೆಗೇ ಹೋಗುತ್ತದೆ.

ಈಗ ನಿನ್ನ 1967ಕ್ಕೆ ಬರೋಣ. ಅದರಲ್ಲಿ ಬೆಳ್ಳಿ ಇದೆ, ಆದರೆ ನೀನು ಅಂದುಕೊಂಡಷ್ಟು ಇಲ್ಲ. 1873ರಿಂದ 1964ರವರೆಗಿನ ಅರ್ಧ ಡಾಲರ್ 12.5 ಗ್ರಾಂ, ಅದರಲ್ಲಿ ನೂರಕ್ಕೆ 90 ಪಾಲು ಬೆಳ್ಳಿ. 1965ರಿಂದ 1970ರವರೆಗೆ 11.5 ಗ್ರಾಂ, 40 ಪಾಲು ಬೆಳ್ಳಿ. ಇದು ಒಬ್ಬಟ್ಟಿನ ಥರ. ಕಣಕದಲ್ಲಿ 80 ಪಾಲು ಬೆಳ್ಳಿ, ಹೂರಣದಲ್ಲಿ ಬರೀ 21 ಪಾಲು, ಉಳಿದದ್ದು ತಾಮ್ರ. 1971ರಿಂದ ಆಚೆಗೆ ಚಲಾವಣೆಗೆ ಬಿಟ್ಟದ್ದರಲ್ಲಿ ಬೆಳ್ಳಿಯೇ ಇಲ್ಲ. ಹೂರಣ ಶುದ್ಧ ತಾಮ್ರ, ಹೊದಿಕೆ ತಾಮ್ರ ನಿಕಲ್ ಬೆರಕೆ.

ಯಾಕೆ ಹೀಗೆ ಇಳಿಯುತ್ತಾ ಬಂತು ಅನ್ನುವುದು ನನಗೆ ನಾಣ್ಯಕ್ಕಿಂತ ಜಾಸ್ತಿ ಇಷ್ಟದ ಕಥೆ. ಬೆಳ್ಳಿ ಔನ್ಸಿಗೆ (ಬೆಳ್ಳಿ ಚಿನ್ನ ತೂಗುವ ಔನ್ಸ್, ಸುಮಾರು 31.1 ಗ್ರಾಂ) ಸುಮಾರು 1.38 ಡಾಲರ್ ಆದರೆ ಹಳೆಯ ಅರ್ಧ ಡಾಲರಿನ ಒಳಗಿನ ಬೆಳ್ಳಿಗೇ ಅರ್ಧ ಡಾಲರ್ ಬೆಲೆ ಬಂದುಬಿಡುತ್ತದೆ. ಅದನ್ನು ದಾಟಿದರೆ ಯಾರು ಅಂಗಡಿಗೆ ಕೊಡುತ್ತಾರೆ ಹೇಳು? 1960ರ ದಶಕದ ಶುರುವಿನಲ್ಲೇ ಬೆಳ್ಳಿ ಆ ಹತ್ತಿರಕ್ಕೆ ಬಂದಿತ್ತು. ಅಷ್ಟರಲ್ಲಿ 1963ರ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯ ಕೊಲೆಯಾಯಿತು. ಮುಂದಿನ ವರ್ಷವೇ ಅರ್ಧ ಡಾಲರಿನ ಮೇಲೆ ಫ್ರಾಂಕ್ಲಿನ್ ಹೋಗಿ ಕೆನಡಿ ಮುಖ ಬಂತು. ಜನ ಅದನ್ನು ಖರ್ಚೇ ಮಾಡಲಿಲ್ಲ, ನೆನಪಿಗೆಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. 1964ರ ಇಸವಿ ಇರುವ ನಾಣ್ಯ ಸುಮಾರು 43 ಕೋಟಿ ಅಚ್ಚಾದರೂ ಪೇಟೆಯಲ್ಲಿ ಕಾಣದಾಯಿತು. 1965ರಲ್ಲಿ ಜಾನ್ಸನ್ ಸರ್ಕಾರ ಕಾಲು ಡಾಲರಿನಿಂದ, ಹತ್ತು ಸೆಂಟಿನ ಡೈಮಿನಿಂದ ಬೆಳ್ಳಿ ಪೂರ್ತಿ ತೆಗೆಯಿತು. ಅರ್ಧ ಡಾಲರಿಗೆ ಮಾತ್ರ 40 ಪಾಲು ಉಳಿಸಿತು. ಐದು ವರ್ಷ ಕಳೆಯುವಷ್ಟರಲ್ಲಿ ಅದೂ ಹೋಯಿತು.

ಇದೇನು ಹೊಸದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸುರಿದಾಗ ಅದರ ಎದುರು ಬೆಳ್ಳಿ ತುಟ್ಟಿಯಾಗಿ, 1853ರಲ್ಲಿ ಅರ್ಧ ಡಾಲರಿನ ತೂಕವನ್ನು 13.36ರಿಂದ 12.44 ಗ್ರಾಮಿಗೆ ಇಳಿಸಿದ್ದರು. ಗುರುತಿಗೆ ಇಸವಿಯ ಎರಡು ಪಕ್ಕ ಬಾಣ ಹಾಕಿದರು. ನಮ್ಮ ರೂಪಾಯಿಯ ಗತಿಯೂ ಅದೇ ಅಲ್ವಾ. ಯುದ್ಧ ಬಂದು 1940ರಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ಕ್ಕೆ ಬರೀ ನಿಕಲ್.

ನಾಣ್ಯ ಕೈಗೆ ಬಂದಾಗ ಮುಖ ನೋಡಬೇಡ, ಮೊದಲು ಅಂಚು ನೋಡು. ಇಪ್ಪತ್ತೂ ನಾಣ್ಯವನ್ನು ಸಾಲಾಗಿ ನಿಲ್ಲಿಸಿದರೆ ಒಂದೊಂದಾಗಿ ಇಸವಿ ನೋಡುವ ಮೊದಲೇ ಗೊತ್ತಾಗುತ್ತದೆ. ತಾಮ್ರದ ಕೆಂಪು ಗೆರೆ ಎದ್ದು ಕಂಡರೆ ಬೆಳ್ಳಿ ಇಲ್ಲ. ಪೂರ್ತಿ ಬಿಳಿ ಇದ್ದರೆ, ಅಥವಾ ಗೆರೆ ತೀರಾ ಮಸುಕಾಗಿದ್ದರೆ, ಎತ್ತಿಟ್ಟುಕೋ. ಅಡುಗೆಮನೆ ತಕ್ಕಡಿ ನಂಬಬೇಡ. 40 ಪಾಲಿನದು 11.5 ಗ್ರಾಂ, ಬೆಳ್ಳಿ ಇಲ್ಲದ್ದು 11.34. ಅದು ಈ ವ್ಯತ್ಯಾಸ ಹಿಡಿಯುವುದಿಲ್ಲ. ಅಯಸ್ಕಾಂತವೂ ಅಷ್ಟೇ, ಎರಡಕ್ಕೂ ಅಂಟುವುದಿಲ್ಲ. ಅಂಟಿದರೆ ಮಾತ್ರ ನಕಲಿ ಎಂದು ತಿಳಿ. 1776–1976 ಎಂದು ಎರಡು ಇಸವಿ ಇರುವುದರಲ್ಲಿ ಹುಷಾರು. ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ 'ಎಸ್' ಅಕ್ಷರ ಇರುವುದರಲ್ಲಿ ಕೆಲವು 40 ಪಾಲು ಬೆಳ್ಳಿ, ಕೆಲವು ಬರೀ ತಾಮ್ರ ನಿಕಲ್. ಸಂಗ್ರಹಕಾರರಿಗೆಂದೇ ಹೊಳಪು ಕೊಟ್ಟು ಅಚ್ಚು ಹಾಕುವ ಬೆಳ್ಳಿ ನಾಣ್ಯಗಳು, ಪ್ರೂಫ್ ಅನ್ನುತ್ತಾರೆ, 1992ರಿಂದ ಮತ್ತೆ 90 ಪಾಲು, 2019ರಿಂದ 99.9. ಅವು ಬ್ಯಾಂಕಿನ ರೋಲಿಗೆ ಬೀಳುವುದು ಅಪರೂಪ.

ದುಡ್ಡಿನ ಮಾತು. ಯಾವುದೇ ನಾಣ್ಯಕ್ಕೆ ಕೈ ಹಾಕುವ ಮೊದಲು ನಿನ್ನನ್ನೇ ಕೇಳಿಕೋ, ನಾನು ಕೊಳ್ಳುತ್ತಿರುವುದು ಬೆಳ್ಳಿಯನ್ನೋ ನಾಣ್ಯವನ್ನೋ? ಬೆಳ್ಳಿ ಅಂದರೆ ಲೆಕ್ಕ ಸುಲಭ. ಆ ದಿನದ ಔನ್ಸ್ ಬೆಲೆಯನ್ನು 0.36ರಿಂದ ಗುಣಿಸು, 1964 ಮತ್ತು ಅದಕ್ಕಿಂತ ಹಳೆಯದಕ್ಕೆ. 40 ಪಾಲಿನದಕ್ಕೆ 0.148. ಔನ್ಸಿಗೆ 30 ಡಾಲರ್ ಇದ್ದರೆ ಒಂದಕ್ಕೆ 10.80, ಇನ್ನೊಂದಕ್ಕೆ 4.44. ಅದಕ್ಕಿಂತ ತುಂಬಾ ಜಾಸ್ತಿ ಕೇಳಿದರೆ ಎದ್ದು ಬಾ. ನಾಣ್ಯ ಅಂದರೆ ಲೆಕ್ಕವೇ ಬೇರೆ. 1921ರ ಡೆನ್ವರ್ ಟಂಕಸಾಲೆಯ ವಾಕಿಂಗ್ ಲಿಬರ್ಟಿ ಅಚ್ಚಾಗಿದ್ದೇ 2,08,000. ಅಲ್ಲಿ ತೂಕ ಯಾರಿಗೆ ಬೇಕು? 1970ರ ಡೆನ್ವರ್ ಕೆನಡಿಯನ್ನು ಚಲಾವಣೆಗೆ ಬಿಡಲೇ ಇಲ್ಲ, ಸಂಗ್ರಹಕಾರರ ಸೆಟ್ಟಿನಲ್ಲಿ ಮಾತ್ರ ಇತ್ತು. ಬೆಳ್ಳಿ, ನಾಣ್ಯ ಇವೆರಡರ ನಡುವೆ ಕಾಲು ಜಾರಿದವರು ಬೇಕಾದಷ್ಟು ಜನ. ಸವೆದ 1964ಕ್ಕೆ ಪ್ಲಾಸ್ಟಿಕ್ ಡಬ್ಬಿ, ಗ್ರೇಡಿಂಗ್ (ನಾಣ್ಯದ ಸ್ಥಿತಿಗೆ ದರ್ಜೆ ಕೊಡಿಸುವ) ಫೀಸು ಎಂದು ನಲವತ್ತು ಡಾಲರ್ ಸುರಿಯುವುದು ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗೆ.

ಬ್ಯಾಂಕಿನಿಂದ ರೋಲ್ ತರುವ ಆಟ ಬಿಡಬೇಡ. ಹತ್ತು ಡಾಲರ್ ಕೊಟ್ಟು ಹತ್ತು ಡಾಲರ್ ತರುತ್ತೀಯ, ನಷ್ಟವೇನಿಲ್ಲ. ಆದರೆ ಹುಡುಕಿ ಮುಗಿದದ್ದನ್ನು ತಂದ ಬ್ಯಾಂಕಿಗೇ ವಾಪಸ್ ಸುರಿಯಬೇಡ. ಅವೇ ನಾಣ್ಯ ನಿನ್ನ ಕೈಗೆ ಮತ್ತೆ ಬರುತ್ತವೆ, ಕೌಂಟರಿನವರಿಗೂ ಬೇಜಾರು. ಇನ್ನೊಂದು ಬ್ಯಾಂಕಿಗೆ ಕಟ್ಟು. ಪೆಟ್ಟಿಗೆಗಟ್ಟಲೆ ತರಿಸುವುದು ಸದ್ಯಕ್ಕೆ ಬೇಡ. ಸಾವಿರ ನಾಣ್ಯ, ಐನೂರು ಡಾಲರ್, ಹನ್ನೊಂದು ಕಿಲೋಗಿಂತ ಜಾಸ್ತಿ ಭಾರ. ಮೂರನೇ ಮಹಡಿಯಲ್ಲಿದ್ದೀಯ, ಲಿಫ್ಟೂ ಇಲ್ಲ.

ನಿಮ್ಮಮ್ಮ ಅಲ್ಲಿಗೆ ಬರುವಾಗ ನನ್ನ ಆ 1942ರದನ್ನು ಕಳಿಸುತ್ತೇನೆ. ಕಿಟಕಿ ಬೆಳಕಿಗೆ ಹಿಡಿದು ಓರೆ ಮಾಡಿ ನೋಡು, ಗೀರುಗಳು ಕಾಣುತ್ತವೆ. ಬೇರೆಯವರು ಮಾರಲು ತಂದ ನಾಣ್ಯದಲ್ಲೂ ಅದನ್ನೇ ಹುಡುಕಬೇಕು. ನಿನ್ನ 1967ರ ಅಂಚಿನ ಫೋಟೊ ಒಂದು ಕಳಿಸು. ಬೆರಳು ಮುಖಕ್ಕೆ ತಾಗದ ಹಾಗೆ ಹಿಡಿದುಕೋ.

ಇಂತಿ,
ನಿನ್ನ ದೊಡ್ಡಪ್ಪ